ಕುರ್ಚಿಯ ಹಿಂದೆ ನಿಂತವರು

ಹಳೆಯ ಗ್ರೂಪ್ ಫೋಟೋಗಳಿಗೆ ಒಂದು ಪದ್ಧತಿ ಇದೆ. ನಡುವೆ ಕುರ್ಚಿಗಳು, ಕುರ್ಚಿಯ ಮೇಲೆ ದೊಡ್ಡವರು, ಅವರ ಕೊರಳಲ್ಲಿ ಮಾಲೆ. ಮುಂದೆ ಜಮಖಾನೆ ಹಾಸಿ ಕಾಲು ಮಡಚಿ ಕೂತ ಹುಡುಗರು. ಹಿಂದೆ ಎರಡೋ ಮೂರೋ ಸಾಲು ನಿಂತವರು. ಕೊನೆಯ ಸಾಲಿಗೆ ಬೆಂಚು ಹಾಕಿರುತ್ತಾರೆ. ಫೋಟೋ ಅಂಟಿಸಿದ ದಪ್ಪ ರಟ್ಟಿನ ಅಂಚಿನಲ್ಲಿ ‘ಕುಳಿತವರು, ಎಡದಿಂದ ಬಲಕ್ಕೆ’ ಅಂತ ಶುರುವಾಗಿ ಹೆಸರುಗಳು ಇರುತ್ತವೆ. ‘ನಿಂತವರು’ ಅನ್ನುವ ಸಾಲು ಎಷ್ಟೋ ಸಲ ಇರುವುದೇ ಇಲ್ಲ. ಇದ್ದರೂ ನಾಲ್ಕು ಹೆಸರು ಬರೆದು ‘ಹಾಗೂ ಇತರರು’ ಅಂತ ಮುಗಿಸಿರುತ್ತಾರೆ.

ನಮ್ಮ ಕಡೆಯ ಕಾಂಗ್ರೆಸ್ಸಿನ ಹಳೆಯ ಫೋಟೋಗಳನ್ನು ನಾನು ಸುಮಾರು ವರ್ಷಗಳಿಂದ ಹುಡುಕಿ ನೋಡುತ್ತಾ ಬಂದಿದ್ದೇನೆ. ಯಾವ ಪಕ್ಷದ ಸದಸ್ಯನೂ ಅಲ್ಲ. ಆದರೆ ಹುಬ್ಬಳ್ಳಿ-ಧಾರವಾಡ, ಗದಗ, ಹಾವೇರಿಯ ಹಳೆಯ ಮನೆಗಳ ಪಡಸಾಲೆಗೆ ಹೋದರೆ ಗೋಡೆಯ ಮೇಲಿನ ರಾಜಕೀಯದ ಫೋಟೋ ಬಹುತೇಕ ಕಾಂಗ್ರೆಸ್ಸಿನದ್ದೇ ಆಗಿರುತ್ತದೆ. 1947ಕ್ಕೆ ಮೊದಲು ಅದು ಪಕ್ಷ ಅನ್ನುವುದಕ್ಕಿಂತ ಜಾಸ್ತಿ ಒಂದು ಚಳವಳಿ. ಸಮಾಜವಾದಿಗಳು, ಸಂಸ್ಥಾ ಕಾಂಗ್ರೆಸ್ಸಿನವರು (1969ರಲ್ಲಿ ಪಕ್ಷ ಒಡೆದಾಗ ಇಂದಿರಾ ಗಾಂಧಿಯವರ ಎದುರು ನಿಂತ ಬಣ), ಜನತಾ ಪಕ್ಷದ ಅರ್ಧಕ್ಕರ್ಧ ಮಂದಿ, ಎಲ್ಲರೂ ಆ ಬೊಡ್ಡೆಯಿಂದ ಒಡೆದ ಟೊಂಗೆಗಳು. ಹಾಗಾಗಿ ಒಂದು ಪಕ್ಷದ ಆಲ್ಬಮ್ ತೆರೆದರೆ ಉಳಿದ ಪಕ್ಷಗಳ ಮುಖಗಳೂ ಅಲ್ಲಿ ಸಿಗುತ್ತವೆ, ಇನ್ನೂ ಹರೆಯದಲ್ಲಿ, ಗಾಂಧಿ ಟೋಪಿ ಹಾಕಿಕೊಂಡು.

ನೋಡುತ್ತಾ ನೋಡುತ್ತಾ ಒಂದು ಮಾತು ನನ್ನಲ್ಲಿ ಗಟ್ಟಿಯಾಗಿದೆ. ಪಕ್ಷವನ್ನು ಊರೂರಲ್ಲಿ ಕಟ್ಟಿದವರು ಹೆಚ್ಚಾಗಿ ಆ ಹೆಸರಿಲ್ಲದ ಸಾಲಿನಲ್ಲೇ ನಿಂತಿದ್ದಾರೆ. ಅವರನ್ನು ಮುಖ ನೋಡಿ ಗುರುತಿಸಬಲ್ಲ ತಲೆಮಾರು ಈಗ ಎಂಬತ್ತು ದಾಟಿದೆ. ಈಗ ಕೇಳಿ ಬರೆದುಕೊಳ್ಳದಿದ್ದರೆ ಆಮೇಲೆ ಕೇಳುವುದಕ್ಕೆ ಯಾರೂ ಸಿಗುವುದಿಲ್ಲ.

ಹೆಸರು ಹುಡುಕುವ ಮೊದಲು ಫೋಟೋ ಯಾವ ಕಾಲದ್ದು ಅಂತ ತಿಳಿಯಬೇಕು. ಅದಕ್ಕೆ ನಾನು ಮೊದಲು ನೋಡುವುದು ಧ್ವಜವನ್ನು. ಕಪ್ಪು-ಬಿಳುಪಿನಲ್ಲಿ ಬಣ್ಣ ಕಾಣುವುದಿಲ್ಲ ನಿಜ, ಆದರೆ ಪಟ್ಟಿಗಳ ತಿಳಿ-ಗಾಢ ಕಾಣುತ್ತದೆ. 1921ರಿಂದ ಕಾಂಗ್ರೆಸ್ ಸಭೆಗಳಲ್ಲಿ ಹಾರಾಡಿದ ಸ್ವರಾಜ್ಯ ಧ್ವಜದಲ್ಲಿ ಮೇಲೆ ಬಿಳಿ, ನಡುವೆ ಹಸಿರು, ಕೆಳಗೆ ಕೆಂಪು, ಮೂರೂ ಪಟ್ಟಿಯ ಮೇಲೆ ಹರಡಿದ ದೊಡ್ಡ ಚರಕ. 1931ರಲ್ಲಿ ಅದು ಬದಲಾಯಿತು. ಕೇಸರಿ ಮೇಲೆ, ಬಿಳಿ ನಡುವೆ, ಹಸಿರು ಕೆಳಗೆ, ಚರಕ ನಡುವಿನ ಬಿಳಿ ಪಟ್ಟಿಯೊಳಗೆ. ಆ ಕಾಲದ ಗಾಜಿನ ಪ್ಲೇಟುಗಳಲ್ಲಿ ಹೆಚ್ಚಿನವಕ್ಕೆ ಕೆಂಪು ಬಣ್ಣ ಹತ್ತುತ್ತಿರಲಿಲ್ಲ, ಕೆಂಪು ಇದ್ದ ಜಾಗ ಕಪ್ಪಾಗಿ ಬರುತ್ತಿತ್ತು. ಹಾಗಾಗಿ ಧ್ವಜದ ಮೇಲಿನ ಪಟ್ಟಿ ಬೆಳ್ಳಗಿದ್ದು ಕೆಳಗಿನ ಎರಡು ಪಟ್ಟಿ ಕಪ್ಪಾಗಿದ್ದರೆ ಅದು 1931ಕ್ಕಿಂತ ಹಿಂದಿನದು. ನಡುವಿನ ಪಟ್ಟಿ ಬೆಳ್ಳಗಿದ್ದರೆ 1931ರ ನಂತರದ್ದು. ಆದರೆ ನಂತರ ಅಂದರೆ ಎಷ್ಟು ನಂತರ ಅಂತ ಧ್ವಜ ಹೇಳುವುದಿಲ್ಲ. 1947ರಲ್ಲಿ ರಾಷ್ಟ್ರಧ್ವಜಕ್ಕೆ ಅಶೋಕ ಚಕ್ರ ಬಂತು, ಪಕ್ಷ ಮಾತ್ರ ಚರಕದ ಧ್ವಜವನ್ನೇ ಇಟ್ಟುಕೊಂಡಿತು. ಅಲ್ಲಿಂದ ಮುಂದೆ ಟೋಪಿ, ಸೈಕಲ್ಲು, ಹಿಂದಿನ ಬೋರ್ಡು, ರಟ್ಟಿನ ಮೂಲೆಯಲ್ಲಿ ಒತ್ತಿದ ಸ್ಟುಡಿಯೋ ಹೆಸರು, ಇವುಗಳನ್ನು ನೋಡಿ ಅಂದಾಜು ಮಾಡಬೇಕು.

ನಮ್ಮ ಭಾಗದ ಅತಿ ಹೆಚ್ಚು ಪ್ರಸಿದ್ಧ ಫೋಟೋಗಳು 1924ರ ಬೆಳಗಾವಿ ಅಧಿವೇಶನದವು. ಗಾಂಧೀಜಿ ಅಧ್ಯಕ್ಷತೆ ವಹಿಸಿದ ಒಂದೇ ಒಂದು ಕಾಂಗ್ರೆಸ್ ಅಧಿವೇಶನ ಅದು, ಡಿಸೆಂಬರ್ ಕೊನೆಯ ವಾರ. ಟಿಳಕವಾಡಿಯ ಬಯಲಿಗೆ ವಿಜಯನಗರ ಅಂತ ಹೆಸರಿಟ್ಟಿದ್ದರು. ನೀರಿಗಾಗಿ ತೋಡಿದ ಬಾವಿ ಇವತ್ತಿಗೂ ಇದೆ, ಕಾಂಗ್ರೆಸ್ ಬಾವಿ ಅಂತಲೇ ಜನ ಕರೆಯುತ್ತಾರೆ. ಪ್ರತಿ ವರ್ಷ ಡಿಸೆಂಬರ್ ಬಂದರೆ ಪತ್ರಿಕೆಗಳಲ್ಲಿ ಅವೇ ನಾಲ್ಕೈದು ಚಿತ್ರಗಳು ಬರುತ್ತವೆ. ಗಾಂಧೀಜಿ, ಸುತ್ತ ದೇಶದ ನಾಯಕರು, ನಮ್ಮವರಾದ ಗಂಗಾಧರರಾವ್ ದೇಶಪಾಂಡೆ. ಕಣ್ಣು ತಾನಾಗಿ ನಡುವಿಗೆ ಹೋಗುತ್ತದೆ. ಆದರೆ ಒಮ್ಮೆ ಅಂಚಿಗೆ ಕಣ್ಣು ಹಾಯಿಸಿ ನೋಡಿ. ಚಡ್ಡಿ, ಅಂಗಿ, ಟೋಪಿ ಹಾಕಿಕೊಂಡು ಸೆಟೆದು ನಿಂತ ಹುಡುಗರಿರುತ್ತಾರೆ. ಕೆಲವರ ಕೈಯಲ್ಲಿ ಲಾಠಿ. ಸಾವಿರಾರು ಜನ ಸೇರಿದ ಕಡೆ ದಾರಿ ತೋರಿಸಿದವರು, ನೀರು ಹೊತ್ತವರು, ಸಾಲು ಕಾಯ್ದವರು, ಕಸ ಗುಡಿಸಿದವರು ಅವರೇ.

ಆ ಹುಡುಗರ ಕಥೆ ಹುಬ್ಬಳ್ಳಿಯದು. ಡಾ. ನಾರಾಯಣ ಸುಬ್ಬರಾವ್ ಹರ್ಡೀಕರ್ ಕಲ್ಕತ್ತೆಯಲ್ಲಿ ವೈದ್ಯಕೀಯ ಓದಿ, ಅಮೆರಿಕಕ್ಕೆ ಹೋಗಿ ಸಾರ್ವಜನಿಕ ಆರೋಗ್ಯ ಕಲಿತು, ಅಲ್ಲಿ ಲಾಲಾ ಲಜಪತರಾಯರ ಜೊತೆ ಕೆಲಸ ಮಾಡಿ ವಾಪಸ್ ಬಂದವರು. ದವಾಖಾನೆ ತೆಗೆದು ಆರಾಮಾಗಿ ಇರಬಹುದಿತ್ತು. ಹುಬ್ಬಳ್ಳಿಯಲ್ಲಿ ಹುಡುಗರನ್ನು ಕಟ್ಟಿಕೊಂಡು ಸೇವಾ ಮಂಡಳ ಶುರು ಮಾಡಿದರು. 1923ರ ನಾಗಪುರ ಧ್ವಜ ಸತ್ಯಾಗ್ರಹದಲ್ಲಿ ಜೈಲಿನ ಹೊಡೆತ ತಾಳಲಾರದೆ ಎಷ್ಟೋ ಜನ ಮಾಫಿ ಬರೆದುಕೊಟ್ಟು ಹೊರಬಂದರು. ಹುಬ್ಬಳ್ಳಿಯ ತಂಡ ಬರೆದುಕೊಡಲಿಲ್ಲ, ಶಿಕ್ಷೆ ಮುಗಿಸಿಯೇ ಬಂತು. ಅದೇ ವರ್ಷದ ಕೊನೆಗೆ ಕಾಕಿನಾಡ ಅಧಿವೇಶನದ ಹೊತ್ತಿಗೆ ಇಡೀ ದೇಶಕ್ಕೆ ಇಂಥದ್ದೊಂದು ಸಂಘಟನೆ ಬೇಕು ಅಂತಾಯಿತು. ಹಿಂದುಸ್ತಾನಿ ಸೇವಾ ದಳ ಹುಟ್ಟಿದ್ದು ಹೀಗೆ. ಮೊದಲ ಅಧ್ಯಕ್ಷರು ಜವಾಹರಲಾಲ್ ನೆಹರೂ, ಕೇಂದ್ರ ಕಚೇರಿ ಹುಬ್ಬಳ್ಳಿ. ಇವತ್ತಿನ ಕಾಂಗ್ರೆಸ್ ಸೇವಾ ದಳ ಅದೇ. ಇಡೀ ದೇಶದ ಪಕ್ಷಕ್ಕೆ ಶಿಸ್ತು ಕಲಿಸಿದ ಊರು ನಮ್ಮದು ಅಂತ ಹೇಳಿಕೊಳ್ಳಲು ನನಗೆ ಹೆಮ್ಮೆ ಇದೆ. ಆದರೆ ನಾಗಪುರದ ಜೈಲಿನಲ್ಲಿ ಮಾಫಿ ಕೇಳದೆ ಕೂತ ಆ ಹುಡುಗರಲ್ಲಿ ಎಷ್ಟು ಜನರ ಮುಖ ನಮಗೆ ಗೊತ್ತು? ಹರ್ಡೀಕರರ ಮುಖ ಗೊತ್ತು. ಅಷ್ಟೇ.

ಹೆಂಗಸರ ವಿಷಯ ಇನ್ನೂ ಸಂಕಟದ್ದು. ಬೆಳಗಾವಿ ಅಧಿವೇಶನಕ್ಕೆ ಉಮಾಬಾಯಿ ಕುಂದಾಪುರ ನೂರೈವತ್ತಕ್ಕೂ ಹೆಚ್ಚು ಸ್ವಯಂಸೇವಕಿಯರನ್ನು ಕೂಡಿಸಿದರು. ಅವರಲ್ಲಿ ಬಹಳಷ್ಟು ಮಂದಿ ವಿಧವೆಯರು. 1924ರಲ್ಲಿ, ನಮ್ಮ ಕಡೆಯ ಮನೆಗಳಲ್ಲಿ, ವಿಧವೆಯೊಬ್ಬಳು ಹೊಸ್ತಿಲು ದಾಟಿ ಪರ ಊರಿನ ಸಭೆಯಲ್ಲಿ ಸಾವಿರಾರು ಗಂಡಸರ ನಡುವೆ ಕೆಲಸ ಮಾಡುವುದು ಅಂದರೆ ಏನು ಅಂತ ಸ್ವಲ್ಪ ಯೋಚಿಸಿ. ಉಮಾಬಾಯಿಯವರೇ ಆಗಷ್ಟೇ ಗಂಡನನ್ನು ಕಳೆದುಕೊಂಡಿದ್ದರು. ಹುಬ್ಬಳ್ಳಿಯಲ್ಲಿ ಭಗಿನಿ ಮಂಡಳ ಕಟ್ಟಿದರು, ಟಿಳಕ ಕನ್ಯಾ ಶಾಲೆ ನೋಡಿಕೊಂಡರು, ಯರವಡಾ ಜೈಲಿಗೆ ಹೋದರು. ಸ್ವಾತಂತ್ರ್ಯ ಬಂದ ಮೇಲೆ ತಾಮ್ರಪತ್ರವನ್ನೂ ಪಿಂಚಣಿಯನ್ನೂ ಬೇಡ ಅಂದರು, ಸಣ್ಣ ಮನೆಯಲ್ಲಿ ಇದ್ದು 1992ರಲ್ಲಿ ತೀರಿಕೊಂಡರು. ಅವರದು ಒಂದೆರಡು ಫೋಟೋ ಸಿಗುತ್ತದೆ. ಅವರು ಕರೆದುಕೊಂಡು ಹೋದ ಆ ನೂರೈವತ್ತು ಮಂದಿಯ ಹೆಸರಿನ ಪಟ್ಟಿ ಯಾವ ಫೋಟೋದ ಕೆಳಗೂ ನಾನು ಕಂಡಿಲ್ಲ. ಯಾರದೋ ಮನೆಯ ಅಜ್ಜಿ, ಮುತ್ತಜ್ಜಿ ಅವರು. ಹುಬ್ಬಳ್ಳಿಯ ಹಳೆಯ ಓಣಿಗಳಲ್ಲಿ ಇವತ್ತು ಓಡಾಡುವವರಲ್ಲಿ ಎಷ್ಟೋ ಜನರಿಗೆ ತಮ್ಮ ಮನೆಯ ಹೆಣ್ಣುಮಗಳೊಬ್ಬಳು ಅಲ್ಲಿ ಇದ್ದಳು ಅನ್ನುವುದೇ ಗೊತ್ತಿಲ್ಲದೆ ಇರಬಹುದು.

ಇನ್ನೊಂದು ಸಂಗತಿ. ಅದೇ ಅಧಿವೇಶನದ ಹೊತ್ತಿನಲ್ಲಿ ಗದುಗಿನ ಹುಯಿಲಗೋಳ ನಾರಾಯಣರಾಯರು ಬರೆದ ನಾಡಿನ ಹಾಡು ಮೊದಲ ಸಲ ದೊಡ್ಡ ಸಭೆಯ ಕಿವಿಗೆ ಬಿತ್ತು. ಹಾಡಿದ ಹುಡುಗಿಯರಲ್ಲಿ ಹನ್ನೊಂದು ವರ್ಷದ ಗಂಗೂಬಾಯಿ ಹಾನಗಲ್ ಇದ್ದರು. ಅವರು ಮುಂದೆ ದೊಡ್ಡವರಾದರು, ಹಾಗಾಗಿ ಆ ಸಂಗತಿ ಉಳಿಯಿತು. ಪಕ್ಕದಲ್ಲಿ ನಿಂತು ಹಾಡಿದ ಉಳಿದ ಹುಡುಗಿಯರು?

ಒಂದು ಫೋಟೋದ ಬಗ್ಗೆ ಸ್ವಲ್ಪ ವಿವರವಾಗಿ ಹೇಳಬೇಕು. ಗದಗ ಕಡೆಯ ಒಂದು ಹಳ್ಳಿಯ ಮನೆಯಲ್ಲಿ ನೋಡಿದ್ದು. ಮನೆಯವರು ಇನ್ನೂ ಒಪ್ಪಿಗೆ ಕೊಟ್ಟಿಲ್ಲ, ಹಾಗಾಗಿ ಊರಿನ ಹೆಸರು, ಜನರ ಹೆಸರು ಹಾಕುವುದಿಲ್ಲ. ಅಂಗೈ ಎರಡರಷ್ಟು ಅಗಲದ ಫೋಟೋ, ಕಂದು ಬಣ್ಣಕ್ಕೆ ತಿರುಗಿದೆ. ಒಂದು ಮೂಲೆಯನ್ನು ಬೆಳ್ಳಿ ಹುಳ ತಿಂದಿದೆ. ಗುಡಿಯ ಕಟ್ಟೆಯ ಮುಂದೆ ತೆಗೆದದ್ದು. ನಡುವೆ ಐದು ಕುರ್ಚಿ, ಐದೂ ಬೇರೆ ಬೇರೆ ಥರದವು, ಅಂದರೆ ಐದು ಮನೆಗಳಿಂದ ತಂದು ಹಾಕಿದ್ದಾರೆ. ಧ್ವಜದ ನಡುವಿನ ಪಟ್ಟಿ ಬೆಳ್ಳಗಿದೆ. ಕುರ್ಚಿಯಲ್ಲಿ ಕೂತವರ ಕಾಲಲ್ಲಿ ಮೆಟ್ಟು ಇವೆ. ನೆಲದ ಮೇಲೆ ಕೂತ ಹುಡುಗರದೆಲ್ಲ ಬರಿಗಾಲು. ಹಿಂದಿನ ಸಾಲಿನ ಬಲ ತುದಿಯಲ್ಲಿ ಒಬ್ಬ ಮನುಷ್ಯ ಅರ್ಧ ಮಾತ್ರ ಕಾಣುತ್ತಾನೆ. ಕ್ಯಾಮೆರಾ ಹಿಡಿದವನು ಅವನನ್ನು ಸೇರಿಸಿಕೊಳ್ಳಬೇಕು ಅಂತ ಅಂದುಕೊಂಡಂತಿಲ್ಲ. ಕೈಯಲ್ಲಿ ದಮ್ಮಡಿ ಅನ್ನುವ ಸಣ್ಣ ಚರ್ಮವಾದ್ಯ ಹಿಡಿದಿದ್ದಾನೆ, ಬೆರಳು ಅಲುಗಾಡಿ ಮಸುಕಾಗಿದೆ. ಉಳಿದವರೆಲ್ಲ ಉಸಿರು ಹಿಡಿದು ನಿಂತಿರುವಾಗ ಅವನೊಬ್ಬನ ಬೆರಳು ಸುಮ್ನಿಲ್ಲ.

ರಟ್ಟಿನ ಮೇಲೆ ಐದು ಹೆಸರು. ಅಷ್ಟೇ.

ಆ ಮನೆಯ ಅಜ್ಜಿಗೆ ಕಣ್ಣು ಮಂಜು. ಫೋಟೋವನ್ನು ಫೋನಿನಲ್ಲಿ ತೆಗೆದು, ಆ ಅರ್ಧ ಮುಖವನ್ನು ದೊಡ್ಡದು ಮಾಡಿ ತೋರಿಸಿದೆ. ಸ್ವಲ್ಪ ಹೊತ್ತು ನೋಡಿದರು. ‘ಇವ ಹಾಡಾವ’ ಅಂದರು. ‘ನಸುಕಿನ್ಯಾಗ ಪ್ರಭಾತಫೇರಿ ಬರತಿತ್ತು ಅಂತ ನಮ್ಮವ್ವ ಹೇಳಾಕಿ. ಮುಂದ ಇವನ. ಇವನ ದನಿ ಕೇಳಿದ್ರ ಊರ ಎದ್ದ ಕೂಡತಿತ್ತಂತ.’ ಆಮೇಲೆ ಅವನ ಹೆಸರು ಹೇಳಿದರು, ಅವನ ಮನೆ ಯಾವ ಓಣಿಯಲ್ಲಿತ್ತು ಹೇಳಿದರು, ಸಭೆ ಮುಗಿದ ಮೇಲೆ ಊಟಕ್ಕೆ ಅವನು ಎಲ್ಲರ ಜೊತೆ ಕೂಡುತ್ತಿರಲಿಲ್ಲ ಅನ್ನುವುದನ್ನೂ ಹೇಳಿದರು. ಯಾಕೆ ಅಂತ ನಾನು ಕೇಳಲಿಲ್ಲ, ಓಣಿಯ ಹೆಸರಿನಲ್ಲೇ ಗೊತ್ತಾಯಿತು.

ನನಗೆ ಇದು ಆ ಊರಿನ ಕಾಂಗ್ರೆಸ್ಸಿನ ನಿಜವಾದ ಚರಿತ್ರೆ. ಐದು ಕುರ್ಚಿಯವರು ದುಡ್ಡು ಕೊಟ್ಟಿರಬಹುದು, ಜೈಲಿಗೂ ಹೋಗಿರಬಹುದು, ಅವರನ್ನು ಕಡಿಮೆ ಮಾಡಿ ಹೇಳುವ ಉದ್ದೇಶ ನನಗಿಲ್ಲ. ಆದರೆ ಊರನ್ನು ನಸುಕಿನಲ್ಲಿ ಎಬ್ಬಿಸಿದವನು ಫೋಟೋದ ಅಂಚಿನಲ್ಲಿ ಅರ್ಧ ಇದ್ದಾನೆ, ಆ ಅರ್ಧಕ್ಕೂ ಹೆಸರಿರಲಿಲ್ಲ. ಅಸ್ಪೃಶ್ಯತೆ ಹೋಗಬೇಕು ಅಂತ ವೇದಿಕೆಯ ಮೇಲೆ ಹೇಳಿದ ಪಕ್ಷ ಊರೊಳಗೆ ಎಷ್ಟು ದೂರ ನಡೆದಿತ್ತು, ಎಲ್ಲಿ ನಿಂತಿತ್ತು ಅನ್ನುವುದು ಭಾಷಣದ ಪುಸ್ತಕದಲ್ಲಿ ಸಿಗುವುದಿಲ್ಲ, ಇಲ್ಲಿ ಸಿಗುತ್ತದೆ.

ಇನ್ನು ಫೋಟೋನೇ ಇಲ್ಲದ ಕಾಲವೂ ಒಂದಿದೆ. ಹಾವೇರಿ ಕಡೆಯ ಆಲ್ಬಮ್‌ಗಳಲ್ಲಿ 1942-43 ಖಾಲಿ. ಮೊದಲು ನನಗೆ ಇದು ವಿಚಿತ್ರ ಅನ್ನಿಸಿತು, ಯಾಕೆಂದರೆ ಈ ಭಾಗದಲ್ಲಿ ಚಳವಳಿ ಅತಿ ಜೋರಾಗಿದ್ದದ್ದೇ ಆಗ. ಸ್ವಲ್ಪ ಯೋಚಿಸಿದರೆ ಕಾರಣ ಸರಳ. ಭೂಗತರಾಗಿ ಕೆಲಸ ಮಾಡುವವರು ಫೋಟೋ ತೆಗೆಸಿಕೊಳ್ಳುವುದಿಲ್ಲ. ಫೋಟೋ ಅಂದರೆ ಪೊಲೀಸರ ಕೈಗೆ ಸಾಕ್ಷಿ. ಇದ್ದ ಫೋಟೋಗಳನ್ನೂ ಮನೆಯವರು ಒಲೆಗೆ ಹಾಕಿದ್ದುಂಟು.

ಮೋಟೆಬೆನ್ನೂರಿನ ಮೈಲಾರ ಮಹಾದೇವರನ್ನೇ ನೋಡಿ. 1930ರ ದಂಡಿ ಯಾತ್ರೆಯಲ್ಲಿ ಗಾಂಧೀಜಿ ಜೊತೆ ನಡೆದ ಕನ್ನಡಿಗ ಅವರು, ಆಗ ವಯಸ್ಸು 18. ಯಾತ್ರೆಯ ಫೋಟೋಗಳಲ್ಲಿ ಮುಂದೆ ಗಾಂಧಿ, ಹಿಂದೆ ಬಿಳಿ ಬಟ್ಟೆಯ ಸಾಲು. ಆ ಸಾಲಿನಲ್ಲಿ ಎಲ್ಲೋ ನಮ್ಮ ಬ್ಯಾಡಗಿ ಸೀಮೆಯ ಹುಡುಗ. ಆಮೇಲೆ ಅವರ ಹೆಂಡತಿ ಸಿದ್ದಮ್ಮನವರೂ ಸಾಬರಮತಿಗೆ ಹೋದರು, ಜೈಲಿಗೂ ಹೋದರು. 1942ರಲ್ಲಿ ಮಹಾದೇವರ ತಂಡ ಊರಿಂದ ಊರಿಗೆ ತಿರುಗಿ ಬ್ರಿಟಿಷ್ ಆಡಳಿತದ ಕಚೇರಿಗಳನ್ನು ಕೆಡವಿತು, ರೈತರಿಂದ ವಸೂಲಿ ಮಾಡಿದ ಕಂದಾಯದ ಮೇಲೆ ಕಣ್ಣಿಟ್ಟಿತು. 1943ರ ಏಪ್ರಿಲ್ 1ರಂದು ಹೊಸರಿತ್ತಿಯಲ್ಲಿ ಗುಂಡೇಟಿಗೆ ಮೂವರು ಬಿದ್ದರು. ಮಹಾದೇವ, ತಿರಕಪ್ಪ ಮಡಿವಾಳರ, ವೀರಯ್ಯ ಹಿರೇಮಠ. ಹುಬ್ಬಳ್ಳಿಯಲ್ಲಿ ಅದಕ್ಕೂ ಮೊದಲೇ, 1942ರಲ್ಲಿ, ಬಾಲಕ ನಾರಾಯಣ ಡೋಣಿ ಗುಂಡಿಗೆ ಬಲಿಯಾಗಿದ್ದ. ಧಾರವಾಡದಲ್ಲಿ ಇನ್ನೂ ಹಿಂದೆ, 1921ರ ಜುಲೈ 1ರಂದು, ಹೆಂಡದಂಗಡಿ ಮುಂದಿನ ಪಿಕೆಟಿಂಗ್ ವೇಳೆ ಗೋಲಿಬಾರ್ ಆಗಿ ಮೂವರು ಖಿಲಾಫತ್ ಕಾರ್ಯಕರ್ತರು ಸತ್ತರು. ಜಕಣಿ ಬಾವಿಯ ಹತ್ತಿರ ಅವರ ಸ್ಮಾರಕ ಇದೆ. ಅದರ ಪಕ್ಕದಲ್ಲಿ ದಿನಾ ಸಾವಿರಾರು ಬೈಕು ಹೋಗುತ್ತವೆ.

ಹೀಗೆ ಖಾಲಿ ಬಿಟ್ಟ ಪುಟಗಳನ್ನೂ ಪಕ್ಷದ ಆಲ್ಬಮ್‌ನ ಭಾಗ ಅಂತಲೇ ಎಣಿಸಬೇಕು. ಹಿರೇಕೆರೂರಿನಲ್ಲಿ ಕರನಿರಾಕರಣೆ ಮಾಡಿ ಹೊಲ ಕಳೆದುಕೊಂಡ ರೈತರ ಹತ್ತಿರ ಕ್ಯಾಮೆರಾ ಎಲ್ಲಿಂದ ಬರಬೇಕು? ಅವರ ನೆನಪು ಉಳಿದಿರುವುದು ಹೊಲದ ಕಾಗದಗಳಲ್ಲಿ, ಜಪ್ತಿಯ ನೋಟೀಸುಗಳಲ್ಲಿ.

ಸ್ವಾತಂತ್ರ್ಯ ಬಂದ ಮೇಲಿನ ಫೋಟೋಗಳಲ್ಲಿ ಹೆಗಲುಗಳು ಸಡಿಲಾಗುತ್ತವೆ. ಹೊಟ್ಟೆಗಳೂ ಸ್ವಲ್ಪ ಕಾಣಿಸಿಕೊಳ್ಳುತ್ತವೆ. ಮಾಲೆ ದೊಡ್ಡದಾಗುತ್ತದೆ, ಮೈಕು ಬರುತ್ತದೆ, ಜೀಪು ಬರುತ್ತದೆ. ಆದರೆ ಈ ಕಾಲದಲ್ಲಿ ನಮ್ಮ ಭಾಗದ ಕಾಂಗ್ರೆಸ್ಸಿಗೆ ಒಂದು ದೊಡ್ಡ ಪೆಟ್ಟು ಬಿತ್ತು, ಅದು ಒಳಗಿನಿಂದಲೇ ಬಿತ್ತು. ನಾವೆಲ್ಲ ಆಗ ಮುಂಬೈ ರಾಜ್ಯದಲ್ಲಿದ್ದೆವು. ಕನ್ನಡ ಮಾತಾಡುವ ಭಾಗಗಳೆಲ್ಲ ಸೇರಿ ಒಂದು ರಾಜ್ಯ ಆಗಬೇಕು ಅನ್ನುವುದು ಜನರ ಬೇಡಿಕೆ. 1953ರ ಜನವರಿಯ ಹೈದರಾಬಾದ್ ಕಾಂಗ್ರೆಸ್ ಅಧಿವೇಶನ ಆಂಧ್ರ ರಾಜ್ಯಕ್ಕೆ ಸೈ ಅಂದಿತು, ಕರ್ನಾಟಕಕ್ಕೆ ಅನ್ನಲಿಲ್ಲ. ಜಕ್ಕಲಿಯ ಅಂದಾನಪ್ಪ ದೊಡ್ಡಮೇಟಿ ಮುಂಬೈ ವಿಧಾನಸಭೆಯ ಸ್ಥಾನಕ್ಕೆ ರಾಜೀನಾಮೆ ಕೊಟ್ಟು ಊರಿಗೆ ಬಂದು ಉಪವಾಸ ಕೂತರು. ಅದರಗುಂಚಿ ಶಂಕರಗೌಡ ಪಾಟೀಲರು ಉಪವಾಸ ಕೂತಾಗ ಸುತ್ತಲಿನ ಹಳ್ಳಿಗಳಿಂದ ಚಕ್ಕಡಿ ಕಟ್ಟಿಕೊಂಡು ಜನ ಬಂದರು. ಏಪ್ರಿಲ್‌ನಲ್ಲಿ ಹುಬ್ಬಳ್ಳಿಯಲ್ಲಿ ಕಾಂಗ್ರೆಸ್ ಸಮಿತಿ ಸಭೆ ಸೇರಿದಾಗ ಜನ ತಮ್ಮದೇ ನಾಯಕರ ಮೇಲೆ ತಿರುಗಿಬಿದ್ದರು. ಆಮೇಲಿನ ಹುಬ್ಬಳ್ಳಿ ಉಪಚುನಾವಣೆಯಲ್ಲಿ ಪಕ್ಷ ಸೋತಿತು. ಸ್ವಾತಂತ್ರ್ಯ ಬಂದು ಆರೇಳು ವರ್ಷ ಆಗಿತ್ತಷ್ಟೇ. ಅದೂ ಸೇವಾ ದಳ ಹುಟ್ಟಿದ ಊರಲ್ಲಿ!

ಆ ಕಾಲದ ಫೋಟೋ ನೋಡುವಾಗ ಒಂದು ವಿಷಯ ಗಮನಿಸಿ. ಉಪವಾಸದ ಚಪ್ಪರದಲ್ಲಿ ಕೂತವರದು ಗಾಂಧಿ ಟೋಪಿ, ಅವರ ಉಪವಾಸ ಬಿಡಿಸಲು ಬಂದ ನಾಯಕರದೂ ಗಾಂಧಿ ಟೋಪಿ. ಎರಡೂ ಕಡೆ ಕಾಂಗ್ರೆಸ್ಸಿನವರೇ. ದೊಡ್ಡಮೇಟಿಯವರು ಕಲಾವಿದ ಸಿ.ಎನ್. ಪಾಟೀಲರಿಂದ ಬರೆಸಿದ ಭುವನೇಶ್ವರಿಯ ಚಿತ್ರ ಜಕ್ಕಲಿಯಲ್ಲಿ ಇವತ್ತಿಗೂ ಇದೆ ಅಂತ ನಮ್ಮ ಕಡೆ ಎಲ್ಲರಿಗೂ ಗೊತ್ತು. ಒಂದು ಪಕ್ಷದೊಳಗೆ ಇದ್ದುಕೊಂಡೇ ಅದರ ದಿಲ್ಲಿಗೆ ಎದುರು ನಿಲ್ಲುವ ಛಾತಿ ಆಗ ಇತ್ತು. 1956ರ ನವೆಂಬರ್ 1ಕ್ಕೆ ನಾಡು ಒಂದಾಯಿತು. ಮೊದಲ ಮುಖ್ಯಮಂತ್ರಿ ಎಸ್. ನಿಜಲಿಂಗಪ್ಪ. ಮರು ವರ್ಷ ಅದೇ ದಿನ ಹುಬ್ಬಳ್ಳಿಯ ಬೆಂಗೇರಿಯಲ್ಲಿ ಖಾದಿ ಗ್ರಾಮೋದ್ಯೋಗ ಸಂಯುಕ್ತ ಸಂಘ ಶುರುವಾಯಿತು. ಇವತ್ತು ಕೆಂಪು ಕೋಟೆಯಿಂದ ಹಿಡಿದು ಎಷ್ಟೋ ಕಡೆ ಹಾರುವ ಖಾದಿ ರಾಷ್ಟ್ರಧ್ವಜ ಹೊಲಿಯುವುದು ಅಲ್ಲಿ, ಹೊಲಿಯುವವರು ಹೆಚ್ಚಿನವರು ಹೆಣ್ಣುಮಕ್ಕಳು. ಧ್ವಜದ ಫೋಟೋ ಎಲ್ಲೆಲ್ಲೂ ಇದೆ.

ಈಗ 1969ಕ್ಕೆ ಬರೋಣ. ಫೋಟೋಗಳಲ್ಲಿ ಪಕ್ಷದ ಚರಿತ್ರೆ ಅತಿ ಸ್ಪಷ್ಟವಾಗಿ ಕಾಣುವುದು ಅಲ್ಲಿಯೇ. ನವೆಂಬರ್ 12ಕ್ಕೆ ಪಕ್ಷದ ಅಧ್ಯಕ್ಷರಾಗಿದ್ದ ನಿಜಲಿಂಗಪ್ಪ ಪ್ರಧಾನಿ ಇಂದಿರಾ ಗಾಂಧಿಯವರನ್ನೇ ಪಕ್ಷದಿಂದ ಹೊರಹಾಕಿದರು. ಪಕ್ಷ ಎರಡಾಯಿತು. ಉಳಿದ ರಾಜ್ಯಗಳಿಗೆ ಅದು ದಿಲ್ಲಿಯ ಜಗಳ, ನಮಗೆ ಮನೆಯ ಜಗಳ. ಒಂದು ಕಡೆ ನಾಡು ಒಂದು ಮಾಡಿದ ನಮ್ಮ ನಿಜಲಿಂಗಪ್ಪ, ಇನ್ನೊಂದು ಕಡೆ ನೆಹರೂ ಮಗಳು. ಅಣ್ಣ ಸಂಸ್ಥಾ ಕಾಂಗ್ರೆಸ್, ತಮ್ಮ ಇಂದಿರಾ ಕಾಂಗ್ರೆಸ್ ಆದ ಮನೆಗಳು ನಮ್ಮ ಕಡೆ ಎಷ್ಟೋ ಇವೆ. ಹಾವೇರಿ ಹತ್ತಿರದ ಒಂದು ಮನೆಯಲ್ಲಿ ಗ್ರೂಪ್ ಫೋಟೋದ ಬಲಗಡೆಯ ಕಾಲು ಭಾಗವನ್ನು ಹಿಂದಕ್ಕೆ ಮಡಚಿ ಫ್ರೇಮ್ ಹಾಕಿಸಿದ್ದಾರೆ. ಫ್ರೇಮ್ ಬಿಚ್ಚಿದಾಗ ಮಡಿಕೆಯ ಹಿಂದೆ ಮೂರು ಜನ ಸಿಕ್ಕರು, ಒಬ್ಬರು ಆ ಮನೆಯವರ ಸ್ವಂತ ದೊಡ್ಡಪ್ಪ. ಕತ್ತರಿಸಿ ಬಿಸಾಕಲಿಲ್ಲ ಅನ್ನುವುದನ್ನು ನೋಡಿ. ಮಡಚಿ ಇಟ್ಟರು. ಕಾಗದ ಆ ಗೆರೆಯಲ್ಲಿ ಸೀಳಿದೆ, ಆದರೆ ಮುಖಗಳು ಹಾಗೇ ಇವೆ, ಬೆಳಕು ತಾಗದ ಕಾರಣ ಉಳಿದವರಿಗಿಂತ ಕಪ್ಪಾಗಿ, ಗಟ್ಟಿಯಾಗಿ.

ಒಡೆದ ಮೇಲೆ ಗುರುತಿನ ಜಗಳ. ಇದು ಫೋಟೋ ನೋಡುವವರಿಗೆ ತುಂಬಾ ಉಪಯೋಗದ ವಿಷಯ. ನೊಗ ಹೊತ್ತ ಜೋಡೆತ್ತು 1952ರ ಮೊದಲ ಚುನಾವಣೆಯಿಂದ ಕಾಂಗ್ರೆಸ್ಸಿನ ಗುರುತು. ಆಗ ಒಬ್ಬೊಬ್ಬ ಅಭ್ಯರ್ಥಿಗೆ ಒಂದೊಂದು ಮತಪೆಟ್ಟಿಗೆ, ಪೆಟ್ಟಿಗೆಯ ಮೇಲೆ ಗುರುತಿನ ಚಿತ್ರ. ನಮ್ಮ ಎರೆಹೊಲದ ರೈತನಿಗೆ ಎತ್ತು ಅಂದರೆ ಏನು ಅಂತ ಬೇರೆ ಹೇಳಬೇಕಿಲ್ಲ, ಕಾರಹುಣ್ಣಿಮೆಗೆ ಕೊಂಬಿಗೆ ಬಣ್ಣ ಹಚ್ಚಿ ಮೆರವಣಿಗೆ ತೆಗೆಯುವ ಜನ ನಾವು. 1971ರಲ್ಲಿ ಆ ಎತ್ತು ಇಬ್ಬರಿಗೂ ಸಿಗಲಿಲ್ಲ. ಇಂದಿರಾ ಕಡೆಯವರಿಗೆ ಆಕಳು-ಕರು, ಸಂಸ್ಥಾ ಕಾಂಗ್ರೆಸ್ಸಿಗೆ ಚರಕ ನೂಲುವ ಹೆಣ್ಣುಮಗಳು. ಆ ಚುನಾವಣೆಯಲ್ಲಿ ರಾಜ್ಯದ 27 ಲೋಕಸಭಾ ಸ್ಥಾನಗಳೂ ಆಕಳು-ಕರುವಿಗೆ ಹೋದವು. 1978ರ ಜನವರಿಯಲ್ಲಿ ಪಕ್ಷ ಮತ್ತೆ ಒಡೆಯಿತು. ಹಸ್ತ ಬಂದದ್ದು ಆಗ, ಫೆಬ್ರವರಿಯ ವಿಧಾನಸಭಾ ಚುನಾವಣೆಗೆ. ಅಂದರೆ ಜೋಡೆತ್ತು ಕಂಡರೆ 1969ರ ಆಸುಪಾಸು ಅಥವಾ ಅದಕ್ಕೂ ಹಿಂದೆ, ಆಕಳು-ಕರು ಕಂಡರೆ ಸುಮಾರು 1971ರಿಂದ 78, ಹಸ್ತ ಕಂಡರೆ 1978ರ ಮೇಲೆ.

ಇದನ್ನು ಪಕ್ಷದ ಫೋಟೋಗಳಲ್ಲೇ ಹುಡುಕಬೇಕು ಅಂತಿಲ್ಲ. ಮದುವೆ ಫೋಟೋಗಳನ್ನು ನೋಡಿ. ಮದುಮಗನ ಮೆರವಣಿಗೆ, ಶಾಲೆಯ ಗ್ಯಾದರಿಂಗು, ಕುಸ್ತಿ ಗೆದ್ದ ಪೈಲ್ವಾನ, ಹೊಸ ಟ್ರಾಕ್ಟರ್ ಪೂಜೆ. ಇವುಗಳ ಹಿಂದಿನ ಗೋಡೆಯ ಮೇಲೆ ಸುಣ್ಣದಲ್ಲೋ ಕೆಮ್ಮಣ್ಣಿನಲ್ಲೋ ನೀಲಿಯಲ್ಲೋ ಬರೆದ ಗುರುತು ಇರುತ್ತದೆ. ಕೆಲವೊಮ್ಮೆ ಹಳೆಯ ಜೋಡೆತ್ತಿನ ಮೇಲೆ ಸುಣ್ಣ ಬಳಿದು ಆಕಳು-ಕರು ಬರೆದಿರುತ್ತಾರೆ, ಕೊಂಬು ಮಾತ್ರ ಕೆಳಗಿನಿಂದ ಇಣುಕುತ್ತಿರುತ್ತದೆ. ಗೋಡೆ ಬರೆದ ಹುಡುಗನ ಕೈ ಎಷ್ಟು ಪಳಗಿದೆ ಅನ್ನುವುದೂ ಕಾಣುತ್ತದೆ. ಪಕ್ಷದ ಕಚೇರಿಯ ಯಾವ ಆಲ್ಬಮ್‌ನಲ್ಲೂ ಈ ಗೋಡೆಗಳು ಇಲ್ಲ. ಅವು ಇರುವುದು ನಿಮ್ಮ ಸೋದರತ್ತೆಯ ಮದುವೆ ಫೋಟೋದಲ್ಲಿ.

ಆಮೇಲಿನ ಕಥೆ ಬೇಗ ಹೇಳುತ್ತೇನೆ. 1977ರಲ್ಲಿ ದೇಶವೆಲ್ಲ ಕಾಂಗ್ರೆಸ್ಸನ್ನು ಕೈಬಿಟ್ಟಾಗ ಕರ್ನಾಟಕ 28ರಲ್ಲಿ 26 ಸ್ಥಾನ ಕೊಟ್ಟಿತು. ಧಾರವಾಡದಿಂದ ಸರೋಜಿನಿ ಮಹಿಷಿಯವರು 1962ರಿಂದ ನಾಲ್ಕು ಸಲ ಗೆದ್ದು ಲೋಕಸಭೆಗೆ ಹೋದರು, ಕರ್ನಾಟಕದಿಂದ ಹೋದ ಮೊದಲ ಹೆಣ್ಣುಮಗಳು. ಅವರ ಪ್ರಚಾರದ ಫೋಟೋಗಳಲ್ಲಿ ಮೊದಲ ಸಲ ಹೆಣ್ಣೊಬ್ಬಳು ನಡುವಿನ ಕುರ್ಚಿಯಲ್ಲಿ ಕಾಣುತ್ತಾಳೆ, ಅದನ್ನು ನೋಡಿದರೆ ಉಮಾಬಾಯಿಯವರ ನೆನಪಾಗದೆ ಇರುವುದಿಲ್ಲ. 1983ಕ್ಕೆ ರಾಜ್ಯದಲ್ಲಿ ಮೊದಲ ಕಾಂಗ್ರೆಸ್ಸೇತರ ಸರ್ಕಾರ ಬಂತು. ಹುಬ್ಬಳ್ಳಿಯ ಎಸ್.ಆರ್. ಬೊಮ್ಮಾಯಿ ಜನತಾ ಕಡೆಯಿಂದ 1988ರಲ್ಲಿ ಮುಖ್ಯಮಂತ್ರಿ ಆದರು. ಅವರ ಸರ್ಕಾರವನ್ನು ವಜಾ ಮಾಡಿದ್ದರ ವಿರುದ್ಧದ ಕೇಸು 1994ರಲ್ಲಿ ಸುಪ್ರೀಂ ಕೋರ್ಟಿನ ದೊಡ್ಡ ತೀರ್ಪಾಗಿ ಇಡೀ ದೇಶದ ರಾಜಕೀಯಕ್ಕೆ ಲಗಾಮು ಹಾಕಿತು. ಇನ್ನೊಂದು ದಾರಿಯ ಜಗನ್ನಾಥರಾವ್ ಜೋಶಿ ಇದೇ ನರಗುಂದದವರು, ಜನಸಂಘದವರು, ಗೋವಾ ವಿಮೋಚನೆಗೆ ಹೋಗಿ ಜೈಲು ಕಂಡವರು. ಆ ಪಕ್ಷಗಳ ಫೋಟೋಗಳಿಗೂ ಇದೇ ಮಾತು ಅನ್ವಯ, ಅಲ್ಲೂ ಕುರ್ಚಿಯ ಹಿಂದೆ ನಿಂತವರಿಗೆ ಹೆಸರಿಲ್ಲ.

ಒಂದು ಆತಂಕದ ವಿಷಯ ಇದೆ. 1924ರ ಕಪ್ಪು-ಬಿಳುಪು ಫೋಟೋ ಇನ್ನೂ ಚೆನ್ನಾಗಿದೆ, 1983ರ ಕಲರ್ ಫೋಟೋ ಹಾಳಾಗಿದೆ. ಕಪ್ಪು-ಬಿಳುಪಿನಲ್ಲಿ ಚಿತ್ರ ನಿಂತಿರುವುದು ಬೆಳ್ಳಿಯ ಕಣಗಳ ಮೇಲೆ, ಸರಿಯಾಗಿ ತೊಳೆದಿದ್ದರೆ ನೂರು ವರ್ಷ ಇರುತ್ತದೆ. ಕಲರಿನಲ್ಲಿ ಇರುವುದು ಬರೀ ಬಣ್ಣ. ನೀಲಿ ಮೊದಲು ಹೋಗುತ್ತದೆ, ಫೋಟೋ ಪೂರ್ತಿ ಕೆಂಪಾಗುತ್ತದೆ. ನೆಹರೂ ಮೈದಾನದ ಸಭೆಗಳು, ಪಾದಯಾತ್ರೆಗಳು, ಎತ್ತಿನಗಾಡಿ ಮೆರವಣಿಗೆಗಳು, ಎಲ್ಲ ಒಂದೇ ಕೆಂಪು ಮಸುಕಿಗೆ ತಿರುಗುತ್ತಿವೆ. ಆ ಕಾಲದ ಅಂಟಿನ ಆಲ್ಬಮ್‌ಗಳಂತೂ, ಪ್ಲಾಸ್ಟಿಕ್ ಹಾಳೆ ಎತ್ತಿ ಒಳಗೆ ಒತ್ತುವವು, ಫೋಟೋವನ್ನು ಬೆನ್ನಿಂದ ತಿನ್ನುತ್ತವೆ. ಜೋರಾಗಿ ಕಿತ್ತರೆ ಹರಿಯುತ್ತದೆ. ಕೀಳಬೇಡಿ, ಆಲ್ಬಮ್ ಸಮೇತ ಹಾಗೇ ಸ್ಕ್ಯಾನ್ ಮಾಡಿಸಿ. ಲ್ಯಾಮಿನೇಷನ್ ಮಾತ್ರ ಯಾವ ಕಾರಣಕ್ಕೂ ಬೇಡ, ಒಮ್ಮೆ ಮಾಡಿಸಿದರೆ ಬಿಡಿಸುವುದಕ್ಕೆ ಆಗುವುದಿಲ್ಲ.

ಹೆಸರು ಬರೆಯುವುದಕ್ಕೂ ಒಂದು ಕ್ರಮ ಇದೆ. ಫೋಟೋದ ಬೆನ್ನಿಗೆ ಬಾಲ್‌ಪೆನ್ನು ಹಚ್ಚಬೇಡಿ, ಒತ್ತಿದ ಗೆರೆ ಮುಂದೆ ಮೂಡುತ್ತದೆ, ಶಾಯಿ ಇಳಿಯುತ್ತದೆ. ಮೆತ್ತನೆಯ ಪೆನ್ಸಿಲ್ಲಿನಲ್ಲಿ, ಅಂಚಿನಲ್ಲಿ, ಹಗುರವಾಗಿ ಬರೆಯಿರಿ. ಅದಕ್ಕಿಂತ ಒಳ್ಳೆಯದು, ಫೋಟೋದ ಪ್ರಿಂಟ್ ತೆಗೆಸಿ ಅದರ ಮೇಲೆ ಒಂದೊಂದು ತಲೆಗೂ ನಂಬರ್ ಹಾಕಿ, ಬೇರೆ ಹಾಳೆಯಲ್ಲಿ ಹೆಸರು ಬರೆದು ಎರಡನ್ನೂ ಒಟ್ಟಿಗೆ ಇಡುವುದು. ಹೇಳಿದವರು ಯಾರು, ಯಾವ ದಿನ ಹೇಳಿದರು ಅಂತಲೂ ಬರೆಯಬೇಕು, ಯಾಕೆಂದರೆ ನಾಳೆ ಇನ್ನೊಬ್ಬರು ಅದೇ ಮುಖಕ್ಕೆ ಬೇರೆ ಹೆಸರು ಹೇಳಬಹುದು, ಆಗ ಎರಡೂ ಇರಲಿ. ಕೇಳುವಾಗ ತುದಿಯಿಂದ ಶುರು ಮಾಡಿ. ನಡುವಿನಿಂದ ಶುರು ಮಾಡಿದರೆ ಕುರ್ಚಿಯವರ ಕಥೆಯಲ್ಲೇ ಮಧ್ಯಾಹ್ನ ಮುಗಿದುಹೋಗುತ್ತದೆ, ಹಿರಿಯರಿಗೆ ದಣಿವಾಗುತ್ತದೆ. ಹೆಸರು ನೆನಪಾಗದಿದ್ದರೆ ಅಡ್ಡಹೆಸರು ಕೇಳಿ, ಓಣಿ ಕೇಳಿ, ಏನು ಕೆಲಸ ಮಾಡುತ್ತಿದ್ದರು ಕೇಳಿ. ‘ಸೇವಾ ದಳದಾಗ ಸೀಟಿ ಊದತಿದ್ದ’ ಅಂತ ಸಿಕ್ಕರೂ ಅದು ದೊಡ್ಡದು. ಮನೆಯ ಹೆಂಗಸರನ್ನು ತಪ್ಪದೆ ಕೇಳಿ. ಗಂಡಸರು ಹುದ್ದೆ ನೆನಪಿಟ್ಟಿರುತ್ತಾರೆ, ಹೆಂಗಸರು ಯಾರ ಮನೆಯಲ್ಲಿ ಯಾರು ಊಟ ಮಾಡಿದರು ಅನ್ನುವುದನ್ನು ನೆನಪಿಟ್ಟಿರುತ್ತಾರೆ, ಮುಖ ಗುರುತಿಸಲು ಎರಡನೆಯದೇ ಹೆಚ್ಚು ಕೆಲಸಕ್ಕೆ ಬರುತ್ತದೆ.

ದಸರೆಗೋ ದೀಪಾವಳಿಗೋ ಊರಿಗೆ ಹೋಗುವವರು, ಹಿರಿಯರು ಇರುವಾಗಲೇ, ಬೆಳಕಿರುವ ಹೊತ್ತಿನಲ್ಲಿ ಟ್ರಂಕು ಇಳಿಸಿ. ಹುಬ್ಬಳ್ಳಿಯ ಭಗಿನಿ ಮಂಡಳದ್ದಾಗಲಿ, ಬೆಳಗಾವಿಗೆ ಹೋದ ಸ್ವಯಂಸೇವಕಿಯರದ್ದಾಗಲಿ ಒಂದು ಗ್ರೂಪ್ ಫೋಟೋ ಯಾರ ಮನೆಯಲ್ಲಾದರೂ ಇರಲೇಬೇಕು ಅಂತ ನನ್ನ ನಂಬಿಕೆ. ಸೀರೆ ಉಟ್ಟ ಹೆಂಗಸರ ಸಾಲು, ಮೇಲಿನ ಪಟ್ಟಿ ಬೆಳ್ಳಗಿರುವ ಧ್ವಜ, ಇಷ್ಟು ಕಂಡರೆ ಸಾಕು. ಅದನ್ನು ಸ್ಕ್ಯಾನ್ ಮಾಡುವ ಮೊದಲೇ ಮನೆಯ ಅತಿ ಹಿರಿಯ ಹೆಣ್ಣುಮಗಳ ಮುಂದೆ ಹಿಡಿಯಿರಿ, ಎಡ ತುದಿಯಿಂದ ಕೇಳುತ್ತಾ ಬನ್ನಿ.